ತುರ್ತಿಗೊಂದು ನಂಬರು

ಒಬ್ಬರೇ ನಿಂತು ದೊಡ್ಡ ಚಾದರ ಮಡಚಲು ನಿಮಗೆ ಬರುತ್ತದೆಯೆ? ಬರುವುದಿಲ್ಲ ಎಂದರೆ ನಿಮ್ಮ ಮನೆಯಲ್ಲಿ ಇನ್ನೊಂದು ಜೊತೆ ಕೈಗಳಿವೆ ಎಂದಾಯಿತು, ಸುಖವಾಗಿರಿ. ನನಗೆ ಬರುತ್ತದೆ. ಎರಡು ಮೂಲೆಗಳನ್ನು ಅಲಮಾರಿಯ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಬೇಕು. ಇನ್ನೆರಡು ಮೂಲೆ ಹಿಡಿದು ಗೋಡೆಯವರೆಗೆ ಹಿಂದೆ ಸರಿಯಬೇಕು. ಒಂದು ಸಲ ಝಾಡಿಸಿ, ಎಳೆದು, ನಿಧಾನವಾಗಿ ಅಲಮಾರಿಯ ಕಡೆಗೆ ನಡೆಯಬೇಕು. ಸ್ವಲ್ಪ ಜೋರಾಗಿ ಎಳೆದರೆ ಬಾಗಿಲು ತೆರೆದುಕೊಂಡು ಎಲ್ಲ ನೆಲಕ್ಕೆ ಬೀಳುತ್ತದೆ. ಆಗ ನಾನು ಅಲಮಾರಿಯನ್ನು ಬೈಯುತ್ತೇನೆ. ಕೆಲವು ದಿನ ನನ್ನ ಬಾಯಿಂದ ಬರುವ ಅತಿ ಉದ್ದದ ಮಾತು ಅದೇ ಆಗಿರುತ್ತದೆ.

ಒಂಟಿ ಮನುಷ್ಯನಿಗೆ ಅಷ್ಟು ದೊಡ್ಡ ಚಾದರ ಯಾಕೆ ಎಂದು ಕೇಳುತ್ತೀರಿ, ಗೊತ್ತು. ಅದು ಹಾಸಿಗೆಯದಲ್ಲ, ಅಂಗಡಿಯದು. ನಾರಾಯಣಪೇಟೆಯ ಸೀರೆ ಅಂಗಡಿಯೊಂದರಲ್ಲಿ ನಾನು ಮೂವತ್ತೊಂದು ವರ್ಷ ಗಾದಿಯ ಮೇಲೆ ನಿಂತವನು. ಹಳೇ ಕಾಲದ ಅಂಗಡಿಗಳನ್ನು ನೀವು ನೋಡಿದ್ದೀರಿ: ಗೋಡೆಯಿಂದ ಗೋಡೆಗೆ ಗಾದಿ, ಅದರ ಮೇಲೆ ಬಿಳಿ ಚಾದರ, ಈ ಕಡೆ ಕಾಲು ಮಡಚಿ ಕೂತ ಗಿರಾಕಿಗಳು, ಆ ಕಡೆ ಬರಿಗಾಲಿನ ನಾವು. ಎರಡು ವರ್ಷದ ಹಿಂದೆ ಸಾಹುಕಾರರು ತೀರಿಕೊಂಡರು. ಅವರ ಮಗ ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಬಾಡಿಗೆಗೆ ಕೊಟ್ಟ. ಕಪಾಟು, ಕನ್ನಡಿ, ಫ್ಯಾನು ಎಲ್ಲ ಯಾರ್ಯಾರೋ ಒಯ್ದರು. ಚಾದರವನ್ನು ಯಾರೂ ಕೇಳಲಿಲ್ಲ, ನಾನು ತಂದುಕೊಂಡೆ. ತಿಂಗಳಿಗೊಮ್ಮೆ ಒಗೆದು, ಒಣಗಿಸಿ, ಮಡಚಿ ಇಡುತ್ತೇನೆ.

ಮಡಚುವ ವಿದ್ಯೆ ಅಂಗಡಿಯಲ್ಲಿ ಕಲಿತದ್ದಲ್ಲ. ಮಕ್ತಲದ ನಮ್ಮ ಮನೆಯಲ್ಲಿ ಸಂಜೆ ಹಗ್ಗದಿಂದ ಸೀರೆ ತೆಗೆಯುವಾಗ ಅಮ್ಮ ನನ್ನನ್ನು ಕರೆಯುತ್ತಿದ್ದಳು. ಮಡಿಸೀರೆಯ ತಂಟೆಗೆ ನಾನು ಹೋಗುವಂತಿರಲಿಲ್ಲ, ಅದು ಬಿದಿರಿನ ಗಳುವಿನ ಮೇಲೆ ಎತ್ತರದಲ್ಲಿ ಒಣಗುತ್ತಿತ್ತು. ಉಳಿದವುಗಳಿಗೆ ಆ ತುದಿಗೆ ನಾನು, ಈ ತುದಿಗೆ ಅವಳು. ಅಕ್ಕನಿಗೆ ಈ ಕೆಲಸ ಬೇಸರ, ಸೀರೆಯ ಕೆಳಗೆ ನುಸುಳಿ ಓಡಿಬಿಡುತ್ತಿದ್ದಳು. ನಾನು ಮಾತ್ರ ಗಂಭೀರವಾಗಿ ಮೂಲೆಗೆ ಮೂಲೆ ಸೇರಿಸಿ, ಹೆಜ್ಜೆ ಹಾಕುತ್ತ ಅಮ್ಮನ ಹತ್ತಿರ ಹೋಗಿ, ನನ್ನ ಕೈಯಲ್ಲಿದ್ದುದನ್ನು ಅವಳ ಕೈಗೆ ಕೊಟ್ಟು, ಕೆಳಗೆ ಜೋತುಬಿದ್ದ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ ಬರುತ್ತಿದ್ದೆ. ಬಿಸಿಲಿನ ವಾಸನೆ, ಗಂಜಿಯ ವಾಸನೆ. ಅಂಚಿಗೆ ಅಂಚು ಕೂಡದಿದ್ದರೆ "ಮತ್ತ ಮೊದಲಿಂದ" ಎನ್ನುತ್ತಿದ್ದಳು. ನಾನು ಬೇಕೆಂದೇ ಒಂದೆರಡು ಸಲ ತಪ್ಪಿಸುತ್ತಿದ್ದೆ.

ಅಂಗಡಿಯಲ್ಲಿ ನನ್ನ ಕೆಲಸ ಮಡಚುವುದಕ್ಕಿಂತ ಹೆಚ್ಚಾಗಿ ಉಡುವುದಾಗಿತ್ತು. ನಗಬೇಡಿ. ಸೀರೆ ಅಂಗಡಿಯ ಗಂಡಸು ಸೀರೆಯನ್ನು ತನ್ನ ಮೇಲೇ ಹಾಕಿಕೊಂಡು ತೋರಿಸಬೇಕು. ಪ್ಯಾಂಟಿನ ಸೊಂಟಕ್ಕೆ ಒಂದು ಸುತ್ತು ಸಿಕ್ಕಿಸಿ, ಐದು ನಿರಿಗೆ ಹಿಡಿದು, ಸೆರಗನ್ನು ಎಡ ಹೆಗಲಿಗೆ ಎಸೆದು ಕೈ ಚಾಚಿದರೆ ನಕ್ಷೆ ಪೂರಾ ಕಾಣಬೇಕು. ನನಗೆ ಇದು ಕಣ್ಣು ಮುಚ್ಚಿ ತೆರೆಯುವಷ್ಟರ ಕೆಲಸ. ಅಂಗಡಿಯಲ್ಲಿ ನಾಲ್ವರಿದ್ದರೂ ನನಗೇ ಬೇಡಿಕೆ ಹೆಚ್ಚು, ಅದಕ್ಕೆ ಕಾರಣ ನನ್ನ ಬಣ್ಣ. ಉಳಿದ ಮೂವರು ಗೋಧಿ ಬಣ್ಣದವರು, ನಾನು ಕಪ್ಪು. ಅದೂ ಅಂಥಿಂಥ ಕಪ್ಪಲ್ಲ. ನಾರ್ವದಿಂದ, ಗುಂಡುಮಾಲ್‌ನಿಂದ ಮದುವೆ ಜವಳಿಗೆ ಬಂದ ತಾಯಂದಿರು ಮೊದಲು ತಮ್ಮ ಹುಡುಗಿಯನ್ನು ನೋಡಿ, ಆಮೇಲೆ ನನ್ನ ಕಡೆ ನೋಡಿ, ಸಂಕೋಚದಿಂದ ಹೇಳುತ್ತಿದ್ದರು: "ಆ ಅಣ್ಣನ ಮ್ಯಾಲ ಹಾಕಿ ತೋರಸ್ರಿ. ನಮ್ಮ ಹುಡುಗಿ ಅದ ಬಣ್ಣ ಅದಾಳ." ನಾನು ಸೀರೆ ಸುತ್ತಿಕೊಂಡು ನಿಲ್ಲುತ್ತಿದ್ದೆ. "ಸ್ವಲ್ಪ ತಿರುಗ್ರಿ," "ತಲಿಮ್ಯಾಲ ಸೆರಗ ಹಾಕ್ಕೋರಿ," "ಒಂಚೂರು ನಗ್ರಿ." ನಮ್ಮ ಸೀಮೆಯ ಎಷ್ಟೋ ಕಪ್ಪು ಮದುಮಗಳಂದಿರ ಸೀರೆಯನ್ನು ಅವರಿಗಿಂತ ಮೊದಲು ಉಟ್ಟವನು ನಾನು.

ಇದರಿಂದಲೇ ನನ್ನ ಮದುವೆಯೂ ತಪ್ಪಿತು, ಅದನ್ನೂ ಹೇಳಿಬಿಡುತ್ತೇನೆ. ರಾಯಚೂರಿನ ಕಡೆಯ ಹೆಣ್ಣು. ಜಾತಕ ಕೂಡಿತ್ತು, ಅಮ್ಮ ಆಗಲೇ ಮನೆಗೆ ಸುಣ್ಣ ಹಚ್ಚಿಸಿದ್ದಳು. ಹೆಣ್ಣಿನ ತಂದೆಗೆ ಒಂದು ಆಸೆ: ಹುಡುಗನನ್ನು ಹೇಳದೆ ಕೇಳದೆ ಅವನ ಕೆಲಸದ ಜಾಗದಲ್ಲಿ ನೋಡಬೇಕು. ಅವರು ಅಂಗಡಿಯ ಬಾಗಿಲಿಗೆ ಬಂದ ಗಳಿಗೆಯಲ್ಲಿ ನಾನು ಗುಲಾಬಿ ಬಣ್ಣದ ಸೀರೆಯುಟ್ಟು, ತಲೆ ಮೇಲೆ ಸೆರಗು ಹೊದ್ದು, ಒಬ್ಬ ಅಜ್ಜಿ ಗದ್ದ ಹಿಡಿದು ತಿರುಗಿಸಿದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದೆ. ಯಾರೋ ಗಿರಾಕಿ ಎಂದುಕೊಂಡು ಸೆರಗಿನೊಳಗಿಂದಲೇ ಕರೆದೆ, "ಬರ್ರಿ, ಕೂಡ್ರಿ. ಯಾರಿಗ್ರಿ ಸೀರಿ?" ಅವರು ನನ್ನನ್ನು ಬಹಳ ಹೊತ್ತು ನೋಡಿ, "ನಮ್ಮ ಹುಡುಗೀಗೆ" ಎಂದರು. ಕೂಡಲಿಲ್ಲ, ಹಾಗೇ ಹೊರಟುಹೋದರು. ಎರಡು ದಿನದ ಮೇಲೆ ಸುದ್ದಿ ಬಂತು, ಜಾತಕ ಇನ್ನೊಮ್ಮೆ ನೋಡಿಸಿದರಂತೆ, ನಾಡಿ ದೋಷವಂತೆ. ಅಮ್ಮ ಜೋಯಿಸರನ್ನು ಬೈದಳು. ನಿಜ ಸಂಗತಿಯನ್ನು ನಾನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಆಮೇಲೆ ಇನ್ನೆರಡು ಕಡೆ ನೋಡಿದರು, ಆಗಲಿಲ್ಲ, ವಯಸ್ಸು ಮೀರಿತು. ಈ ಕಥೆಯನ್ನು ನಾನು ನಗುತ್ತಲೇ ಹೇಳುತ್ತ ಬಂದಿದ್ದೇನೆ. ನಗು ಬಾರದ ದಿನಗಳೂ ಇವೆ.

ಅಮ್ಮ ಹೋಗಿ ಒಂಬತ್ತು ವರ್ಷ. ರಾಯಚೂರಿಗೆ ಕೊಟ್ಟಿದ್ದ ಅಕ್ಕ ಹೋಗಿ ಮೂರು ವರ್ಷ. ಅಕ್ಕನಿಗೆ ಮಕ್ಕಳಿರಲಿಲ್ಲ. ಭಾವ ಮಂತ್ರಾಲಯಕ್ಕೆ ಸೇವೆಗೆಂದು ಹೋದವರು ಅಲ್ಲೇ ಉಳಿದುಬಿಟ್ಟರು, ಫೋನು ಗೀನು ಬಿಟ್ಟಿದ್ದಾರೆ. ನಮ್ಮ ಗಡಿಯವರ ಹತ್ತಿರ ಎರಡು ಸಿಮ್ ಇರುವುದು ರೂಢಿ, ಒಂದು ಈ ಕಡೆಯ ತೆಲುಗು ರಾಜ್ಯದ್ದು, ಒಂದು ಕರ್ನಾಟಕದ್ದು. ಆ ಕಡೆಗೆ ಫೋನ್ ಮಾಡುವುದು ದುಬಾರಿಯಾಗಿದ್ದ ಕಾಲದಲ್ಲಿ ಅಕ್ಕನಿಗಾಗಿಯೇ ರಾಯಚೂರಿನ ಸಿಮ್ ತೆಗೆದುಕೊಂಡಿದ್ದೆ. ದಿನಾ ರಾತ್ರಿ ಊಟದ ಹೊತ್ತಿಗೆ ಅದಕ್ಕೆ ಅವಳ ಫೋನು ಬರುತ್ತಿತ್ತು. "ಎಲ್ಲಿದ್ದೀಯೋ, ಉಂಡ್ಯಾ?" ಎನ್ನುವಷ್ಟೇ ಮಾತು. ಅವಳು ಹೋದ ಮೇಲೂ ಅದನ್ನು ನಿಲ್ಲಿಸಲು ಮನಸ್ಸಾಗಲಿಲ್ಲ, ಕಾಲಕಾಲಕ್ಕೆ ರೀಚಾರ್ಜ್ ಮಾಡಿಸುತ್ತೇನೆ. ಈಗ ಅದಕ್ಕೆ ಫೋನ್ ಮಾಡುವವರೆಂದರೆ ರೀಚಾರ್ಜ್ ಮುಗಿಯಿತು ಎಂದು ಹೇಳುವ ಕಂಪನಿಯ ಹೆಣ್ಣುಮಗಳು ಮಾತ್ರ.

ಅಂಗಡಿ ಇದ್ದಷ್ಟು ದಿನ ಇದೆಲ್ಲ ಗೊತ್ತಾಗಿರಲಿಲ್ಲ. ಬೆಳಿಗ್ಗೆ ಮಕ್ತಲದಲ್ಲಿ ಬಸ್ ಹತ್ತಿದರೆ ರಾತ್ರಿ ಇಳಿಯುವವರೆಗೆ ನಾನು ವಟವಟ ಎನ್ನುತ್ತಲೇ ಇರುತ್ತಿದ್ದೆ. ಅಕ್ಕಾ, ಅವ್ವಾ, ತಂಗೀ ಎಂದು ದಿನಕ್ಕೆ ಎಷ್ಟು ಸಲ ಕರೆಯುತ್ತಿದ್ದೆನೋ. ಅಂಗಡಿ ಮುಚ್ಚಿದ ಮೇಲೆ ಒಮ್ಮೆ ಸುಮ್ಮನೆ ನೆನಪು ಮಾಡಿಕೊಂಡೆ. ಭಾನುವಾರದಿಂದ ಬುಧವಾರದವರೆಗೆ ನಾನು ಆಡಿದ ಮಾತುಗಳೆಂದರೆ "ಅರ್ಧ ಲೀಟರು," "ಚೀಲ ಬ್ಯಾಡ," "ನೀರು ಬಂತ್ರಿ," ಇನ್ನೊಂದು ಅಲಮಾರಿಗೆ. ಗುರುವಾರ ಪತ್ರಿಕೆಯೊಳಗೆ ಒಂದು ಬಣ್ಣದ ಕಾಗದ ಬಂತು. ಗದ್ವಾಲದಲ್ಲಿ ಮೂರು ಮಾಳಿಗೆಯ ಹೊಸ ಡಿಪಾರ್ಟ್‌ಮೆಂಟ್ ಸ್ಟೋರು, ಸೀರೆ ವಿಭಾಗಕ್ಕೆ ಅನುಭವಸ್ಥರು ಬೇಕು. ನನ್ನೊಬ್ಬನ ಹೊಟ್ಟೆಗೆ ಹೇಗೋ ನಡೆಯುತ್ತಿತ್ತು. ನನಗೆ ಬೇಕಾಗಿದ್ದದ್ದು ಎದುರಿಗೆ ಕೂತು ಮಾತಾಡುವ ಜನ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಐವತ್ತನಾಲ್ಕನೇ ವಯಸ್ಸಿನಲ್ಲಿ, ಜೀವನದ ಎರಡನೇ ಇಂಟರ್‌ವ್ಯೂಗೆ ಹೊರಟೆ. ಮೊದಲನೆಯದರಲ್ಲಿ ಸಾಹುಕಾರರು ನನ್ನ ಅಂಗೈ ಮುಟ್ಟಿ ನೋಡಿ, ಬೆವರುವುದಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡು, ನಾಳೆಯಿಂದ ಬಾ ಎಂದಿದ್ದರು.

ಗದ್ವಾಲದ ಸ್ಟೋರಿನ ಗಾಜಿನ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಸೀರೆ ಇರುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋಗಿ ನನಗೆ ಅಭ್ಯಾಸವಿಲ್ಲ. ಎರಡನೇ ಮಾಳಿಗೆಯಲ್ಲಿ ಕೆಲಸಗಾರರನ್ನು ಆರಿಸುವ ಹೊಣೆ ಹೊತ್ತ ಶ್ರಾವಣಿ ಎಂಬ ಹುಡುಗಿ ನನ್ನ ಬರಿಗಾಲನ್ನು ನೋಡಿ, "ಚಪ್ಪಲಿ ಎಲ್ಲಿ ಸಾರ್?" ಎಂದು ತೆಲುಗಿನಲ್ಲಿ ಕೇಳಿದಳು. ಹೊರಗಿವೆ ಎಂದೆ. ಕಾವಲುಗಾರನನ್ನು ಕಳಿಸಿ ತರಿಸಿದಳು, ಅವನು ಅವನ್ನು ಒಂದು ಹೊಸ ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಬಂದ. ಹುಡುಗಿಗೆ ಇಪ್ಪತ್ತೈದು ಇದ್ದೀತು. ಊರು ಶಾಂತಿನಗರ, ತಾಯಿಯ ತವರು ರಾಯಚೂರು. ನನ್ನ ತೆಲುಗು ಕೇಳಿ ತಾನಾಗಿಯೇ ಕನ್ನಡಕ್ಕೆ ಇಳಿದಳು.

"ನನ್ನ ಗಿರಾಕಿ ಅಂತ ತಿಳ್ಕೋರಿ. ಒಂದು ಸೀರಿ ಮಾರ್ರಿ ನೋಡೋಣ."

ನಾನು ಸುತ್ತ ನೋಡಿದೆ. ಗಾದಿಯಿಲ್ಲ, ಕೂಡುವ ಜಾಗವಿಲ್ಲ, ಸೀರೆಗಳೆಲ್ಲ ಹ್ಯಾಂಗರಿಗೆ ನೇತುಬಿದ್ದಿದ್ದವು. "ಬರ್ರವ್ವಾ. ಯಾರಿಗ್ರಿ ಸೀರಿ?" ಎಂದೆ.

"ಹಂಗ ಕೇಳಬಾರದು ಸಾರ್. ಮೊದಲ ವೆಲ್‌ಕಮ್ ಮೇಡಮ್ ಅನ್ನಬೇಕು. ಆಮ್ಯಾಲ ಬಜೆಟ್ ಕೇಳಬೇಕು."

"ಯಾರಿಗಂತ ಗೊತ್ತಾಗದ ಹೆಂಗ ತೋರಸ್ಲಿ?"

ಅವಳು ಯೋಚಿಸಿದಳು. "ಸರಿ, ನನಗ ಅಂತ ತಿಳ್ಕೋರಿ."

ನಾನು ನಿಂತುಬಿಟ್ಟೆ. ಇಷ್ಟು ವರ್ಷದಲ್ಲಿ ಹೆಂಗಸರು ಮಗಳಿಗೆ ಅಂದದ್ದು, ನಾದಿನಿಗೆ ಅಂದದ್ದು, ಬೀಗಿತಿಗೆ ಅಂದದ್ದು ಕೇಳಿದ್ದೆ. ನನಗ ಅಂತ ಸೀದಾ ಹೇಳಿದವರು ಕಡಿಮೆ. ಹ್ಯಾಂಗರಿನಿಂದ ಒಂದು ಗದ್ವಾಲ ಸೀರೆ ಇಳಿಸಿದೆ, ಮಾವಿನ ಚಿಗುರಿನ ಬಣ್ಣದ ಹತ್ತಿಯ ಮೈ, ಕೆಂಪು ರೇಷ್ಮೆಯ ಅಂಚು. ಹತ್ತಿಯೂ ರೇಷ್ಮೆಯೂ ಕೂಡುವ ಜಾಗವನ್ನು ಅವಳ ಬೆರಳಿನಿಂದಲೇ ಮುಟ್ಟಿಸಿದೆ. ಆಮೇಲೆ ನನ್ನ ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಹಿಡಿದು, ಸೆರಗು ಎಸೆದು ಕೈ ಚಾಚಿದೆ. ಬಟ್ಟೆ ಜೋಡಿಸುತ್ತಿದ್ದ ಹುಡುಗಿಯರು ಕಿಸಕ್ಕೆಂದರು. ಶ್ರಾವಣಿ ನಗಲಿಲ್ಲ. "ನಮ್ಮಲ್ಲಿ ಬೊಂಬಿಗೆ ಉಡಸ್ತೀವಿ ಸಾರ್. ಆದ್ರ ಬೊಂಬಿ ತಿರುಗಂಗಿಲ್ಲ," ಎಂದಳು. ಸ್ವಲ್ಪ ಹೊತ್ತಿಗೆ, "ಹಿಂದ ಹೆಂಗ ಕಾಣ್ತೈತಿ ತೋರಸ್ರಿ," ಎಂದಳು. ನಾನು ತಿರುಗಿದೆ. ಎರಡು ವರ್ಷದ ಮೇಲೆ ಯಾರೋ ನನ್ನನ್ನು ತಿರುಗಲು ಹೇಳಿದ್ದರು, ಆ ಸಂತೋಷವನ್ನು ನಿಮಗೆ ಹೇಗೆ ಹೇಳಲಿ.

ಕೆಲಸ ಸಿಕ್ಕಂತೆಯೇ ಆಗಿತ್ತು. ಉಳಿದದ್ದು ಒಂದು ಫಾರ್ಮು. ನಮ್ಮಪ್ಪ ತಹಶೀಲ್ ಕಚೇರಿಯ ಎದುರು ಕೂತು ಊರವರ ದರಖಾಸ್ತು ಬರೆದುಕೊಡುತ್ತಿದ್ದವರು. ಒಂದು ಕಾಲಮ್ಮೂ ಖಾಲಿ ಬಿಡಬಾರದು, ಬಿಟ್ಟರೆ ಸರಕಾರಕ್ಕೆ ಸಂಶಯ ಬರುತ್ತದೆ ಎಂದು ನನಗೂ ಅಕ್ಕನಿಗೂ ಹೇಳಿಕೊಟ್ಟಿದ್ದರು. ನಾನು ಹೆಸರು, ಊರು, ವಯಸ್ಸು ತುಂಬಿಸುತ್ತ ಬಂದು ಒಂದು ಕಡೆ ನಿಂತೆ. ತುರ್ತು ಸಮಯದಲ್ಲಿ ಯಾರಿಗೆ ತಿಳಿಸಬೇಕು? ಹೆಸರು, ಸಂಬಂಧ, ಫೋನ್ ನಂಬರು. ಪೆನ್ನು ಹಿಡಿದು ಕೂತೆ. ಖಾಲಿ ಬಿಡಬಾರದು. ಅಕ್ಕನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ಅಕ್ಕ ಎಂದು ಬರೆದೆ. ನಂಬರಿನ ಜಾಗದಲ್ಲಿ ನನ್ನದೇ ರಾಯಚೂರು ಸಿಮ್ಮಿನ ನಂಬರು ಬರೆದೆ. ಮೋಸ ಮಾಡುವ ಉದ್ದೇಶವಿರಲಿಲ್ಲ. ಅವಳ ಸಲುವಾಗಿ ಇಟ್ಟುಕೊಂಡ ನಂಬರು ತಾನೇ, ಯಾರು ನೋಡುತ್ತಾರೆ ಎಂದುಕೊಂಡೆ.

ಶ್ರಾವಣಿ ನೋಡಿದಳು. "ಐವತ್ತು ದಾಟಿದವರದು ಫೋನ್ ಮಾಡಿ ಖಾತ್ರಿ ಮಾಡ್ಕೋಬೇಕು ಸಾರ್, ಹೆಡ್ ಆಫೀಸಿಂದು ರೂಲು. ಬ್ಯಾರೆ ಬ್ರಾಂಚಿನ್ಯಾಗ ಒಬ್ಬರು ಮೆಟ್ಟಲ ಮ್ಯಾಲಿಂದ ಬಿದ್ದಾಗ ಯಾರಿಗೆ ತಿಳಸಬೇಕು ಅಂತನ ಗೊತ್ತಾಗಲಿಲ್ಲಂತ," ಎನ್ನುತ್ತ ಮೇಜಿನ ಫೋನಿನಿಂದ ನಂಬರು ಒತ್ತಿದಳು. ನಾನು ಬೇಡ ಎನ್ನುವುದರೊಳಗೆ ನನ್ನ ಅಂಗಿಯ ಜೇಬು ದೊಡ್ಡ ದನಿಯಲ್ಲಿ ರಿಂಗಾಗಲು ಶುರುಮಾಡಿತು.

ಅವಳು ನನ್ನ ಜೇಬನ್ನು ನೋಡಿದಳು. ನಾನು ಫಾರ್ಮನ್ನು ನೋಡಿದೆ. ಎತ್ತಿಕೊಂಡು ಹಲೋ ಎನ್ನಲೂ ಆಗದು, ಕಟ್ ಮಾಡಲೂ ಆಗದು. ಆ ನಂಬರಿಗೆ ಕಂಪನಿಯವರನ್ನು ಬಿಟ್ಟು ಇನ್ನೊಬ್ಬರ ಫೋನು ಬಂದು ಮೂರು ವರ್ಷವಾಗಿತ್ತು. ಪೂರಾ ರಿಂಗಾಗಿ ತಾನಾಗಿಯೇ ನಿಂತಿತು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಅಕ್ಕ ಇಲ್ರಿ ಈಗ," ಎಂದೆ.

"ಬ್ಯಾರೆ ಯಾರಾದರೂ?" ಎಂದಳು ಮೆಲ್ಲಗೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಫಾರ್ಮನ್ನು ನನ್ನ ಕಡೆ ಸರಿಸಿ, "ನಾಳಿ ಹತ್ತಕ್ಕ ಬರ್ರಿ. ಒಬ್ಬರ ನಂಬರ್ ತಗೊಂಡ ಬರ್ರಿ. ನಿಮ್ಮ ಬಲ್ಲವರು ಯಾರಾದರೂ ಒಬ್ಬರು ಸಾಕು. ಅದೊಂದು ಇರಲಿಲ್ಲಂದ್ರ ನನಗೂ ಏನೂ ಮಾಡಾಕ ಬರಂಗಿಲ್ಲ," ಎಂದಳು.

ಮಕ್ತಲಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಫೋನಿನಲ್ಲಿರುವ ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡಿದೆ. ಇನ್ನೂರಕ್ಕೂ ಹೆಚ್ಚಿದ್ದವು. "ನಾರ್ವ ಅಕ್ಕ ಹಸಿರು ಚೌಕಳಿ." "ಗುಂಡುಮಾಲ್ ಟೀಚರಮ್ಮ ದೊಡ್ಡ ಅಂಚು." "ಕಪ್ಪು ಬೇಡ ಅವ್ವ." ಎಲ್ಲರೂ ಅಕ್ಕಂದಿರು, ಅವ್ವಂದಿರು, ಯಾರಿಗೂ ಹೆಸರಿಲ್ಲ, ಹೆಸರಿನ ಜಾಗದಲ್ಲಿ ಒಂದೊಂದು ಸೀರೆ. ಟೀಚರಮ್ಮ ಮಗಳ ಮದುವೆಗೆ ಕರೆದಿದ್ದರು, ಊಟಕ್ಕೆ ಕೂಡಿಸಿ ತಾವೇ ಹೋಳಿಗೆ ಬಡಿಸಿದ್ದರು. ಧೈರ್ಯ ಮಾಡಿ ಅವರಿಗೆ ಫೋನ್ ಮಾಡಿದೆ.

"ಅಯ್ಯ, ಸೀರಿ ಅಂಗಡಿ ಅಣ್ಣಾರೇನ್ರಿ! ಹೊಸ ಮಾಲು ಬಂದೈತೇನ್ರಿ?"

"ಬರ್ತೈತ್ರಿ," ಎಂದೆ.

"ಬಂದ ಕೂಡಲೆ ಹೇಳ್ರಿ ಮತ್ತ, ಮರೀಬ್ಯಾಡ್ರಿ."

ಹೇಳುತ್ತೇನೆ ಎಂದು ಇಟ್ಟೆ. ಅವರ ತಪ್ಪೇನಿದೆ? ಮೂವತ್ತೊಂದು ವರ್ಷ ನಾನೂ ಯಾರಿಗಾದರೂ ಫೋನ್ ಮಾಡಿದ್ದು ಹೊಸ ಮಾಲು ಬಂದಾಗಲೇ. ಬಸ್ಸು ಜೂರಾಲದ ಅಣೆಕಟ್ಟಿನ ಮೇಲೆ ನಿಧಾನವಾಗಿ ಹೋಗುತ್ತಿತ್ತು. ಎರಡೂ ಕಡೆ ನೀರು ನೋಡಿ ಜನ ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ನನಗೆ ಅಳು ಬಂತು. ಪಕ್ಕದ ಸೀಟು ಖಾಲಿ ಇದ್ದದ್ದರಿಂದ ಮುಚ್ಚಿಟ್ಟುಕೊಳ್ಳುವ ಕಷ್ಟ ಬೀಳಲಿಲ್ಲ.

ಓಣಿಗೆ ಬಂದಾಗ ಇನ್ನೂ ಬಿಸಿಲಿತ್ತು. ಎದುರು ಮನೆಯಿಂದ ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತಿತ್ತು. ಅಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು, ಆದರೂ ನನ್ನ ಬಾಯಿಗೆ ಅಕ್ಕ. ಏಳು ವರ್ಷದಿಂದ ನಮ್ಮ ಮಾತು ಒಂದೇ, ನಳ ಬಂದ ದಿನ ಅವರು "ನೀರು ಬಂತೇನ್ರಿ?" ಎನ್ನಬೇಕು, ನಾನು "ಬಂತ್ರಿ" ಎನ್ನಬೇಕು. ನನ್ನ ಮನೆಯ ಬೀಗ ತೆಗೆಯದೆ, ಅವರ ಹೊಸ್ತಿಲ ಮುಂದೆ ಹೋಗಿ ನಿಂತೆ. ಸಪ್ಪಳ ನಿಂತಿತು.

"ನೀರು ಬಂತೇನ್ರಿ?" ಎಂದರು ಅವರು ಒಳಗಿನಿಂದ.

"ಇಲ್ರಿ ಅಕ್ಕಾ, ಇದು ಬ್ಯಾರೆ." ಗದ್ವಾಲದ ಕೆಲಸ, ಫಾರ್ಮು, ರೂಲು ಎಲ್ಲ ತಡವರಿಸುತ್ತ ಹೇಳಿದೆ. ಜೇಬು ರಿಂಗಾದದ್ದನ್ನು ಮಾತ್ರ ಬಿಟ್ಟೆ. "ನನಗೇನಾರ ಆದ್ರ ಒಬ್ಬರಿಗೆ ಫೋನ್ ಮಾಡ್ತಾರಂತ್ರಿ. ನಿಮ್ಮ ನಂಬರ್ ಕೊಡ್ಲೇನ್ರಿ?"

ಅವರು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡರು. "ಅದರಾಗ ಕೇಳೂದೇನೈತ್ರಿ, ಕೊಡ್ರಿ." ನಂಬರು ಅವರಿಗೆ ಬಾಯಿಗೆ ಬರುತ್ತಿರಲಿಲ್ಲ. ನನ್ನದನ್ನು ಒತ್ತಿಸಿಕೊಂಡು ಮಿಸ್ಡ್ ಕಾಲ್ ಕೊಟ್ಟರು. ಹೆಸರು ಕೇಳಬೇಕೆಂದುಕೊಂಡೆ. ಏಳು ವರ್ಷ ಎದುರುಬದುರು ಇದ್ದು ಈಗ ನಿಮ್ಮ ಹೆಸರೇನು ಎಂದು ಹೇಗೆ ಕೇಳಲಿ? ನಾಚಿಕೆಯಾಯಿತು. ಅವರೂ ನನ್ನ ಹೆಸರು ಕೇಳಲಿಲ್ಲ. ಅವರಿಗೂ ನಾಚಿಕೆಯಾಗಿರಬೇಕು.

ಮರುದಿನ ಹತ್ತಕ್ಕೆ ಶ್ರಾವಣಿಯ ಎದುರು ಕೂತು, ಹೊಸ ನಂಬರು ಬರೆದ ಫಾರ್ಮು ಕೊಟ್ಟೆ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿದ್ದೆ, ಕಾಲುಗಳು ಅಪರಾಧ ಮಾಡಿದಂತೆ ಸುಮ್ಮನೆ ಇದ್ದವು.

"ಹೆಸರು ಬರದಿಲ್ಲಲ್ಲ ಸಾರ್?"

"ಎದುರುಮನಿ ಅಕ್ಕ ಅಂತ ಬರ್ಕೋರಿ."

"ಅದು ಹೆಸರಲ್ಲ ಸಾರ್," ಎಂದಳು. ನಕ್ಕಳೋ ಏನೋ. ಫೋನನ್ನು ಸ್ಪೀಕರಿಗೆ ಹಾಕಿ ನಂಬರು ಒತ್ತಿದಳು. ನಾನು ಮಾತಾಡಬಾರದೆಂದು ಬೆರಳು ತೋರಿಸಿದಳು. ಈ ಸಲ ನನ್ನ ಜೇಬು ರಿಂಗಾಗಲಿಲ್ಲ ಎಂಬುದೇ ನನಗೊಂದು ಸಮಾಧಾನ.

"ಹಲೋ, ಅಮ್ಮಾ. ವೆಂಕೋಬರಾವ್ ಅಂತ ಮಕ್ತಲದವರು, ಅವರು ನಿಮಗ ಗೊತ್ತೇನ್ರಿ?"

"ಯಾರ್ರಿ?"

"ವೆಂಕೋಬರಾವ್."

"ಇಲ್ರಿ. ಆ ಹೆಸರಿನವರು ನಮ್ಮ ಓಣ್ಯಾಗ ಯಾರೂ ಇಲ್ರಿ. ರಾಂಗ್ ನಂಬರ್ರಿ."

ಫೋನು ಕಟ್ಟಾಯಿತು. ಶ್ರಾವಣಿ ಪೆನ್ನಿನ ಮುಚ್ಚಳ ಹಾಕಿದಳು. ತಪ್ಪು ಅವರದಲ್ಲ, ಅವರಿಗೆ ಹೆಸರು ಹೇಳದವನು ನಾನು. ಅದನ್ನು ಶ್ರಾವಣಿಗೆ ಹೇಳಿ ಪ್ರಯೋಜನವೇನು? ವೆಂಕೋಬರಾವ್ ಎಂಬುವನನ್ನು ಬಲ್ಲವರು ಈಗ ಇಡೀ ಸೀಮೆಯಲ್ಲಿ ಯಾರಿದ್ದಾರೆ ಎಂದು ನಾನೇ ಯೋಚಿಸಿದೆ. ಅಮ್ಮ ವೆಂಕೂ ಎನ್ನುತ್ತಿದ್ದಳು. ಅಕ್ಕನೂ ಹಾಗೇ ಕರೆಯುತ್ತಿದ್ದಳು. ಉಳಿದವರಿಗೆ ನಾನು ಅಣ್ಣ, ಹೆಚ್ಚೆಂದರೆ ಕಪ್ಪಣ್ಣ. ಫಾರ್ಮು ಶ್ರಾವಣಿಯ ಹತ್ತಿರವೇ ಇರಲಿ ಎಂದು ಎದ್ದೆ.

ಮೇಜಿನ ಮೇಲಿನ ಫೋನು ರಿಂಗಾಯಿತು, ಶ್ರಾವಣಿ ಗುಂಡಿ ಒತ್ತಿದಳು. ಸ್ಪೀಕರು ಇನ್ನೂ ಹಾಗೇ ಇತ್ತು.

"ಆಗ ಫೋನ್ ಮಾಡಿದವರು ಗದ್ವಾಲದವರೇನ್ರಿ? ನನಗ ತಲಿ ಓಡಲಿಲ್ರಿ. ನಮ್ಮ ಎದುರುಮನಿ ಅಣ್ಣಾರ ಸುದ್ದಿ ಏನ್ರಿ ಅದು? ಏನಾಗೈತ್ರಿ ಅವರಿಗೆ?"

"ಏನೂ ಆಗಿಲ್ಲಮ್ಮಾ, ಸುಮ್ಮನ ಖಾತ್ರಿಗೆ..."

"ಮುಚ್ಚಿಡಬ್ಯಾಡ್ರಿ. ಏನಾರ ಆದ್ರನ ಫೋನ್ ಬರ್ತೈತಿ ಅಂತ ಅವರ ಹೇಳ್ಯಾರ. ಒಲಿ ಆರಿಸೀನ್ರಿ, ಬಾಗ್ಲ ಹಾಕೀನಿ. ಯಾವ ದವಾಖಾನಿ ಅಷ್ಟ ಹೇಳ್ರಿ. ಈಗ ಒಂದು ಬಸ್ಸೈತಿ."

ಶ್ರಾವಣಿ ನನ್ನ ಮುಖ ನೋಡಿದಳು. ಪೆನ್ನಿನ ಮುಚ್ಚಳ ತೆಗೆದು ಫಾರ್ಮನ್ನು ತನ್ನ ಕಡೆ ಎಳೆದುಕೊಂಡು ಕೆಳಗೆ ಸಹಿ ಹಾಕಿದಳು. ಆಮೇಲೆ ಫೋನನ್ನು ನನ್ನ ಮುಂದೆ ಸರಿಸಿ, ಮಾತಾಡಿ ಎಂದು ಸನ್ನೆ ಮಾಡಿದಳು.

"ಅಕ್ಕಾ, ನಾನ್ರಿ," ಎಂದೆ. ಅಷ್ಟೇ ಹೊರಟಿತು. ಅದೂ ಒಡಕು ದನಿಯಲ್ಲಿ.

"ದನಿ ಯಾಕ್ರಿ ಹಂಗಾಗೈತಿ? ಪೆಟ್ಟಾಗೈತೇನ್ರಿ? ಎಲ್ಲಿದೀರಿ ಮೊದಲ ಹೇಳ್ರಿ."

ಏನೂ ಆಗಿಲ್ಲ, ಕೆಲಸ ಸಿಕ್ಕಿತು, ಒಲೆ ಹೊತ್ತಿಸಿ ರೊಟ್ಟಿ ಮಾಡಿಕೊಳ್ಳಿ, ಸಂಜೆ ಬಂದು ಹೇಳುತ್ತೇನೆ ಎನ್ನಬೇಕಾಗಿತ್ತು. ಯಾವ ಮರ್ಯಾದಸ್ಥನೂ ಹಾಗೇ ಹೇಳುತ್ತಾನೆ. ಆದರೆ ನಾನು ಒಂಟಿಯಾಗಿದ್ದು ಸಾಕಾಗಿತ್ತು.

"ಗದ್ವಾಲದಾಗ ಅದೀನ್ರಿ," ಎಂದೆ. "ಬಸ್‌ಸ್ಟ್ಯಾಂಡಿನ ಹತ್ರ ಹೊಸ ದುಕಾನ. ಎರಡನೇ ಮಾಳಿಗಿ, ಸೀರಿ ಇರೋ ಕಡೆ."

"ಅಲ್ಲೇ ಕುಂದರ್ರಿ, ಬಂದೆ," ಎಂದು ಅವರು ಫೋನಿಟ್ಟರು.